ಮೂರು ಚೀಲ ಚಿಂದಿ, ಕೆಟ್ಟುಹೋದ ಒಂದು ಕೌದಿ

ಓದುಗರ ಪ್ರಶ್ನೆ (ಆಳಂದ ತಾಲೂಕಿನಿಂದ):

"ಹನ್ನೆರಡು ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಉಳಿದ ತುಂಡು ಎಸೆಯಲು ಮನಸ್ಸು ಬರಲಿಲ್ಲ. ಈಗ ಮೂರು ಚೀಲ ಆಗಿವೆ. ಹೋದ ದೀಪಾವಳಿಗೆ ಒಂದಿಷ್ಟು ತೆಗೆದು, ಮಷೀನ್ ಮೇಲೆ ಒಂದಕ್ಕೊಂದು ಜೋಡಿಸಿ ಸಣ್ಣ ಕೌದಿ ಮಾಡಿದೆ. ನೋಡಲು ಚೆಂದ ಇತ್ತು. ಒಂದು ಸಲ ಒಗೆದಿದ್ದೇ ತಡ, ಹಪ್ಪಳ ಸುಟ್ಟ ಹಾಗೆ ಸುರುಟಿಕೊಂಡಿತು. ಕೆಂಪು ಬಿಟ್ಟು ಬಿಳಿ ತುಂಡೆಲ್ಲ ಗುಲಾಬಿ ಆಯಿತು. ಎರಡು ಕಡೆ ಹೊಲಿಗೆ ಬಿಚ್ಚಿ ಬಾಯಿ ತೆರೆದಿದೆ. ನಮ್ಮ ಅತ್ತಿ 'ಹೊಸ ಅರಿವಿ ಕೌದಿಗಿ ಬರಂಗಿಲ್ಲ, ಹಳೀದೇ ಬೇಕು' ಅಂತಾರೆ. ಪಕ್ಕದ ಮನೆಯವರು 'ಉಪ್ಪು, ವಿನೆಗರ್ ನೀರಾಗ ನೆನಿಸಿದ್ರ ಬಣ್ಣ ಬಿಡ್ತಿರಲಿಲ್ಲ' ಅಂತಾರೆ. ಮಗಳಿಗೆ ಈಗ ಏಳು ತಿಂಗಳು. ಬಾಣಂತನಕ್ಕೆ ನಮ್ಮಲ್ಲೇ ಬರುತ್ತಾಳೆ. ಅವಳಿಗೊಂದು, ಕೂಸಿಗೊಂದು ಕೌದಿ ಹೊಲಿಯುವ ಆಸೆ. ಈ ಚಿಂದಿ ಉಪಯೋಗಕ್ಕೆ ಬರುತ್ತಾ, ಇಲ್ಲಾ ಒಲೆಗೆ ಹಾಕಲಾ?"

ಉತ್ತರ:

ಒಲೆಗೆ ಮಾತ್ರ ಹಾಕಬೇಡಿ. ಈಗಿನ ಬ್ಲೌಸ್ ಪೀಸು, ಫ್ಯಾನ್ಸಿ ಸೀರೆ, ಅಗ್ಗದ ಲೈನಿಂಗ್ ಇವುಗಳಲ್ಲಿ ಬಹಳಷ್ಟು ಪಾಲಿಯೆಸ್ಟರ್. ಸುಟ್ಟರೆ ಪ್ಲಾಸ್ಟಿಕ್ ಸುಟ್ಟ ಹಾಗೆಯೇ. ಗರ್ಭಿಣಿ ಮಗಳು ಬರುವ ಮನೆಯಲ್ಲಿ ಆ ಹೊಗೆ ಬೇಡ.

ನಿಮ್ಮ ಪತ್ರ ಓದುವಾಗ ನನಗೆ ನನ್ನದೇ ಮೊದಲ ಕೌದಿ ನೆನಪಾಯಿತು. ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾ 27 ವರ್ಷ ಆಯಿತು. ಮೊದಲ ವರ್ಷ ಹುಮ್ಮಸ್ಸಿನಲ್ಲಿ ನಾನು ಹೊಲಿದ ಕೌದಿಯೂ ಒಗೆದ ಮೇಲೆ ನೆಲಕ್ಕೆ ಕೂರುತ್ತಿರಲಿಲ್ಲ. ನಾಲ್ಕು ಮೂಲೆ ಮೇಲೆದ್ದು ದೋಣಿಯ ಹಾಗೆ ಇತ್ತು. ಹಾಗಾಗಿ ಬೈಯುವ ಹಕ್ಕು ನನಗಿಲ್ಲ.

ನೀವು ಹೇಳಿದ ತೊಂದರೆ ಮೂರು: ಸುರುಟಿದ್ದು, ಬಣ್ಣ ಬಿಟ್ಟಿದ್ದು, ಹೊಲಿಗೆ ಬಿಚ್ಚಿದ್ದು. ಮೂರಕ್ಕೂ ಕಾರಣ ಬೇರೆ ಬೇರೆ. ಆದರೆ ಮನೆಯಲ್ಲಿ ಎಲ್ಲಾ ತಪ್ಪೂ "ಹೊಸ ಅರಿವಿ"ಯ ತಲೆಗೆ ಬಂದಿದೆ.

ಮೊದಲು ಸುರುಟಿದ ಮಾತು. ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ. ಮಗ್ಗದ ಮೇಲೆ ಎಳೆಗಳನ್ನು ಬಿಗಿಯಾಗಿ ಎಳೆದು ನೇಯ್ದಿರುತ್ತಾರೆ, ಆಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿರುತ್ತಾರೆ. ನೀರು ಬಿದ್ದಾಗ ಎಳೆ ಸಡಿಲಾಗಿ ತನ್ನ ನಿಜವಾದ ಅಳತೆಗೆ ಬರುತ್ತದೆ. ನೂರಕ್ಕೆ ಮೂರರಿಂದ ಐದು ಭಾಗ ಕುಗ್ಗುವುದು ಮಾಮೂಲು. ಮೂರು ಅಡಿಗೆ ಲೆಕ್ಕ ಹಾಕಿದರೆ ಒಂದೂವರೆ ಇಂಚಿನ ಆಸುಪಾಸು. ಪಾಲಿಯೆಸ್ಟರ್ ಹಾಗೆ ಕುಗ್ಗುವುದಿಲ್ಲ. ಕುಗ್ಗುವ ತುಂಡಿನ ಪಕ್ಕ ಕುಗ್ಗದ ತುಂಡು ಹೊಲಿದರೆ ಏನಾಗಬೇಕು? ಒಂದು ಎಳೆಯುತ್ತದೆ, ಇನ್ನೊಂದು ಉಬ್ಬುತ್ತದೆ. ನಿಮ್ಮ ಹಪ್ಪಳದ ಗುಟ್ಟು ಇದೇ.

ಬ್ಲೌಸ್ ಹೊಲಿಯುವವರ ಚಿಂದಿಗೆ ಇನ್ನೊಂದು ಗುಣ ಇದೆ. ಕಂಕುಳದ ಬಳಿ ಕತ್ತರಿಸಿದ್ದು, ಕುತ್ತಿಗೆಯ ಗುಂಡು, ಕ್ರಾಸ್ ಕಟ್‌ನಲ್ಲಿ ಉಳಿದ ಮೂಲೆ. ಇವುಗಳ ಅಂಚು ಹಾಸು ಎಳೆಗೂ ನೇರ ಇಲ್ಲ, ಹೊಕ್ಕು ಎಳೆಗೂ ನೇರ ಇಲ್ಲ, ಓರೆಯಾಗಿದೆ. ಓರೆ ಅಂಚು ರಬ್ಬರಿನ ಹಾಗೆ ಹಿಗ್ಗುತ್ತದೆ. ಪೈಪಿಂಗ್‌ಗೆ ನಾವು ಕ್ರಾಸ್ ಪಟ್ಟಿ ಕತ್ತರಿಸುವುದು ಇದೇ ಗುಣಕ್ಕಾಗಿ ಅಲ್ವಾ? ಆದರೆ ಮಷೀನಿನ ಪಾದದ ಕೆಳಗೆ ಎರಡು ಓರೆ ಅಂಚು ಸೇರಿಸಿ ಓಡಿಸಿದರೆ ನಿಮಗೆ ಗೊತ್ತಿಲ್ಲದೆ ಹಿಗ್ಗಿ ಹೊಲಿದುಕೊಳ್ಳುತ್ತವೆ. ಒಗೆದಾಗ ವಾಪಸ್ ಬರಲು ನೋಡುತ್ತವೆ.

ಈಗ ನಿಮ್ಮ ಅತ್ತೆಯವರ ಮಾತು. ಅವರದು ಅರ್ಧ ಸರಿ. ಹಳೆಯ ಸೀರೆ, ಹಳೆಯ ಧೋತರ ನೂರಾರು ಸಲ ನೀರು ಕಂಡಿರುತ್ತವೆ. ಕುಗ್ಗುವುದೆಲ್ಲ ಕುಗ್ಗಿ ಆಗಿದೆ. ಬಿಡುವ ಬಣ್ಣ ಬಿಟ್ಟಾಗಿದೆ. ಗಂಜಿ ಹೋಗಿ ಮೆತ್ತಗಾಗಿದೆ, ಸೂಜಿ ಸಲೀಸಾಗಿ ಇಳಿಯುತ್ತದೆ. ಹಿರಿಯರು ಕಂಡ ಲಾಭ ಇದೆಲ್ಲ, ಆದರೆ ಇದು ಹಳೆಯದಾದದ್ದರಿಂದ ಬಂದದ್ದಲ್ಲ, ಒಗೆದದ್ದರಿಂದ ಬಂದದ್ದು. ಹೊಸ ತುಂಡನ್ನೂ ಬಿಸಿನೀರಿನಲ್ಲಿ ಎರಡು ಮೂರು ಸಲ ಒಗೆದು ಒಣಗಿಸಿದರೆ ಮುಕ್ಕಾಲು ಪಾಲು ಆ ಗುಣ ಬರುತ್ತದೆ. ಹಳೆಯ ಬಟ್ಟೆಗೆ ಅದರದ್ದೇ ಕೊರತೆಯೂ ಇದೆ. ಬೆಳಕಿಗೆ ಹಿಡಿದು ನೋಡಿ, ಎರಡು ಹೆಬ್ಬೆರಳಿನಿಂದ ಎಳೆಯಿರಿ. ಚರ್ ಅಂತ ಹರಿದರೆ ಅದು ಕೌದಿಗೆ ಬೇಡ, ಒರೆಸುವ ಬಟ್ಟೆಗೆ ಸಾಕು. ಹಳೆಯ ರೇಷ್ಮೆ, ಜರಿ ಅಂಚು ಹೀಗೆ ಮಡಿಕೆಯಲ್ಲೇ ಸೀಳುವುದು ಜಾಸ್ತಿ.

ಉಪ್ಪು, ವಿನೆಗರ್ ಕಥೆ ಮಾತ್ರ ಪೂರ್ತಿ ತಪ್ಪು ತಿಳಿವಳಿಕೆ. ಬಣ್ಣ ಹಾಕುವವರು ಬಣ್ಣದ ನೀರಿಗೆ ಉಪ್ಪು ಹಾಕುವುದು ನಿಜ, ಅದು ಬಣ್ಣವನ್ನು ನೀರಿನಿಂದ ಎಳೆಯ ಕಡೆ ತಳ್ಳುತ್ತದೆ. ಆದರೆ ಅಂಗಡಿಯಿಂದ ತಂದ ಬಟ್ಟೆಗೆ ಆಮೇಲೆ ಉಪ್ಪು ಹಾಕಿದರೆ ಸಡಿಲ ಬಣ್ಣ ಗಟ್ಟಿಯಾಗುವುದಿಲ್ಲ. ವಿನೆಗರ್ ರೇಷ್ಮೆ, ಉಣ್ಣೆಯ ಬಣ್ಣಕ್ಕೆ ಅಷ್ಟಿಷ್ಟು ಸಂಬಂಧ ಪಟ್ಟದ್ದು. ಹತ್ತಿಗೆ ಅದರಿಂದ ಬರುವುದು ವಾಸನೆ ಮಾತ್ರ. ಬಣ್ಣ ಬಿಡಲು ಕಾರಣ ಎರಡು. ಒಂದು, ಎಳೆಗೆ ಗಟ್ಟಿಯಾಗಿ ಕೂರದ ಅಗ್ಗದ ಬಣ್ಣ. ಇನ್ನೊಂದು, ಒಳ್ಳೆಯ ಬಣ್ಣವೇ ಆದರೂ ಹಾಕಿದ ಮೇಲೆ ಉಳಿದದ್ದನ್ನು ಸರಿಯಾಗಿ ತೊಳೆಯದೆ ಬಿಟ್ಟಿರುವುದು. ಎರಡನೆಯದಕ್ಕೆ ಮದ್ದು ಇದೆ. ಕೆಂಪು, ಮರೂನು, ಕಡು ನೀಲಿ, ಕಪ್ಪು ಇವನ್ನು ಬೇರೆ ಬೇರೆ ಬಕೆಟ್ಟಿನಲ್ಲಿ ಬಿಸಿನೀರು, ಸೋಪಿನಪುಡಿ ಹಾಕಿ, ನೀರು ತಿಳಿಯಾಗುವ ತನಕ ಒಗೆಯಿರಿ. ಆಮೇಲೆ ಪರೀಕ್ಷೆ: ತುಂಡನ್ನು ಒದ್ದೆ ಮಾಡಿ, ಬಿಳಿ ಧೋತರದ ಚೂರಿನ ಮೇಲಿಟ್ಟು ಇಸ್ತ್ರಿ ಒತ್ತಿ. ಬಿಳಿ ಬಿಳಿಯಾಗೇ ಉಳಿದರೆ ಪಾಸ್. ಐದು ಸಲ ಒಗೆದ ಮೇಲೂ ಗುರುತು ಬಿದ್ದರೆ ಅದು ಮೊದಲ ಜಾತಿ, ಎಷ್ಟು ಚೆಂದ ಇದ್ದರೂ ಬಿಟ್ಟುಬಿಡಿ. ಇಳಕಲ್ ಸೀರೆಯ ಕೆಂಪು ಸೆರಗು, ಗುಳೇದಗುಡ್ಡದ ಖಣದ ತುಂಡು ನಿಮ್ಮ ಚೀಲದಲ್ಲಿ ಖಂಡಿತ ಇರುತ್ತವೆ. ಚೆಂದ ಅಂತ ಕಣ್ಣುಮುಚ್ಚಿ ನಂಬಬೇಡಿ, ಅವಕ್ಕೂ ಇದೇ ಪರೀಕ್ಷೆ. ಬಿಸಿನೀರು ಮಾತ್ರ ಬೇಡ. ಇಳಕಲ್ ಸೆರಗು, ಖಣ ಇವುಗಳಲ್ಲಿ ರೇಷ್ಮೆಯೋ ರೇಷ್ಮೆಯಂಥ ಕೃತಕ ನೂಲೋ ಇರುತ್ತದೆ, ತಣ್ಣೀರಲ್ಲಿ ಮೆಲ್ಲಗೆ ಜಾಲಿಸಿ.

ಹೊಲಿಗೆ ಬಿಚ್ಚಿದ್ದಕ್ಕೆ ಕಾರಣ ನಿಮ್ಮ ಕೈಯಲ್ಲ. ಬ್ಲೌಸ್‌ನ ಅಭ್ಯಾಸದಲ್ಲಿ ಕಾಲು ಇಂಚು ಅಂಚು ಬಿಟ್ಟು ಹೊಲಿದಿರುತ್ತೀರಿ. ಸಡಿಲ ನೇಯ್ಗೆಯ ತುಂಡಿನ ಎಳೆ ಅಷ್ಟರಿಂದ ಜಾರಿ ಹೊರಗೆ ಬರುತ್ತದೆ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನೀವು ಮಾಡಿದ್ದು ನಿಜಕ್ಕೂ ಕೌದಿಯೇ ಅಲ್ಲ.

ಬೇಜಾರಾಗಬೇಡಿ, ವಿವರಿಸುತ್ತೇನೆ. ತುಂಡಿಗೆ ತುಂಡು ಜೋಡಿಸಿ ಒಂದು ಹಾಳೆ ಮಾಡಿ, ಆಮೇಲೆ ಅದಕ್ಕೆ ಅಡಿಬಟ್ಟೆ ಕೊಡುವುದು ಪರದೇಶದ ಕ್ವಿಲ್ಟ್‌ನ ಪದ್ಧತಿ. ಅಲ್ಲಿ ಎಳೆದಾಟ ಬೀಳುವುದು ಜೋಡಣೆಯ ಹೊಲಿಗೆಯ ಮೇಲೆ. ಅದಕ್ಕೇ ಅವರು ಒಂದೇ ಜಾತಿಯ ಬಟ್ಟೆ, ಒಂದೇ ದಪ್ಪ, ಅಳತೆಯ ಕಟಿಂಗ್ ಅಂತ ಅಷ್ಟು ನಿಯಮ ಇಟ್ಟುಕೊಂಡಿದ್ದಾರೆ. ನಮ್ಮ ಕೌದಿಯಲ್ಲಿ ಚಿಂದಿಯ ಮೇಲೆ ಭಾರವೇ ಇಲ್ಲ. ಕೆಳಗೆ ಹಳೆಯ ಸೀರೆಯ ಎರಡು ಮೂರು ಪದರ, ಅದರ ಮೇಲೆ ಚಿಂದಿ ಇಟ್ಟು, ಅಂಚು ಒಳಗೆ ಮಡಿಸಿ, ಎಲ್ಲಾ ಪದರ ಸೇರಿಸಿ ಸಾಲು ಸಾಲಾಗಿ ಹೊಲಿಯುತ್ತಾರೆ. ತಾಳಿಕೊಳ್ಳುವುದು ಸೀರೆ ಮತ್ತು ಸಾಲು. ಚಿಂದಿ ಅದರ ಮೇಲೆ ಸವಾರಿ ಮಾಡುತ್ತದೆ ಅಷ್ಟೆ. ಹಾಗಾಗಿ ಓರೆ ತುಂಡು, ಗುಂಡು ತುಂಡು, ಅಂಗೈಯಷ್ಟು ತುಂಡು ಎಲ್ಲಾ ನಡೆಯುತ್ತದೆ. ನಿಮ್ಮ ಮೂರು ಚೀಲಕ್ಕೆ ಹೇಳಿ ಮಾಡಿಸಿದ ಪದ್ಧತಿ ಇದು.

ಆದರೆ ಮೊದಲು ಆರಿಸಬೇಕು. ನಮ್ಮ ಚಿಕ್ಕಂದಿನಲ್ಲಿ ಈ ತಲೆನೋವು ಇರಲಿಲ್ಲ. ಮನೆಯಲ್ಲಿ ಇದ್ದದ್ದೇ ಹತ್ತಿ. ನಮ್ಮೂರಲ್ಲೇ ಬಟ್ಟೆಯ ಗಿರಣಿ ಇತ್ತು. ಈಗ ಎಂ.ಎಸ್.ಕೆ. ಮಿಲ್ ಅಂದರೆ ಆಟೋದವರಿಗೆ ಹೇಳುವ ಒಂದು ವಿಳಾಸ ಅಷ್ಟೆ. ಈಗಿನ ಚೀಲದಲ್ಲಿ ಯಾವುದು ಹತ್ತಿ, ಯಾವುದು ಅಲ್ಲ ಅಂತ ಕೈಗೆ ಗೊತ್ತಾಗುವುದಿಲ್ಲ, ನನಗೂ ಎಷ್ಟೋ ಸಲ ಮೋಸ ಆಗಿದೆ. ಅನುಮಾನ ಬಂದರೆ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಕಡ್ಡಿ ಗೀರಿ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆ ಬೂದಿ ಆಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಕಪ್ಪು ಮಣಿ ಆಗುತ್ತದೆ, ಆರಿದ ಮೇಲೆ ಉಗುರಿನಿಂದ ಒಡೆಯಲು ಆಗುವುದಿಲ್ಲ. ಎರಡೂ ಬೆರೆತಿದ್ದರೆ ಬೂದಿಯೂ ಬರುತ್ತದೆ, ಗಂಟೂ ಉಳಿಯುತ್ತದೆ.

ಪಾಲಿಯೆಸ್ಟರ್ ಹಾಕಿದರೆ ಕೌದಿ ಹಾಳಾಗುತ್ತದೆ ಅಂತಲ್ಲ. ಅದಕ್ಕೆ ಬಾಳಿಕೆ ಹೆಚ್ಚೇ. ತೊಂದರೆ ಬೆವರಿನದು. ಗಾಳಿಯ ತೇವದಲ್ಲಿ ಹತ್ತಿ ತನ್ನ ತೂಕದ ನೂರಕ್ಕೆ ಸುಮಾರು 8 ಭಾಗದಷ್ಟು ಹಿಡಿದುಕೊಳ್ಳುತ್ತದೆ, ಪಾಲಿಯೆಸ್ಟರ್ ನೂರಕ್ಕೆ ಅರ್ಧ ಭಾಗವನ್ನೂ ಹಿಡಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಪಾರಾ 42, 43 ಮುಟ್ಟಿದಾಗ ಅಂಥ ಕೌದಿ ಹಾಸಿ ಮಲಗಿ ನೋಡಿ, ಎದ್ದಾಗ ಬೆನ್ನಿಗೆ ಅಂಟಿಕೊಂಡಿರುತ್ತದೆ. ಬೀದರ್ ಕಡೆಯವರು ಡಿಸೆಂಬರ್ ಚಳಿಗೆ ಹೊದೆಯಲು ಬೇಕಾದರೆ ಅಲ್ಲೊಂದು ಇಲ್ಲೊಂದು ತುಂಡು ಸೇರಿಸಬಹುದು. ಬಾಣಂತಿಗೆ ಬೇಡ. ಆ ತುಂಡುಗಳಿಗೆ ಬೇರೆ ಕೆಲಸ ಕೊಡಿ: ಉದ್ದ ಪಟ್ಟಿ ಮಾಡಿ ಜಡೆ ಹೆಣೆದು ಸುತ್ತಿ ಹೊಲಿದರೆ ಕಾಲೊರೆಸು ಆಗುತ್ತದೆ, ವರ್ಷಗಟ್ಟಲೆ ಬರುತ್ತದೆ. ಕೆಲವರು ಸಣ್ಣ ಚಿಂದಿಯನ್ನೆಲ್ಲ ಕೌದಿಯ ಹೊಟ್ಟೆಯೊಳಗೆ ತುಂಬುತ್ತಾರೆ, ಬೆಚ್ಚಗೆ ಇರುತ್ತದೆ ಅಂತ. ಬೆಚ್ಚಗಿಡುವುದು ಪದರಗಳ ನಡುವೆ ನಿಂತ ಗಾಳಿ. ತುಂಬಿದ ಚಿಂದಿ ಎರಡು ಒಗೆತಕ್ಕೆ ಗಂಟು ಕಟ್ಟುತ್ತದೆ, ಒಳಗೆ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಆರಿಸುವಾಗ ಪ್ರತಿ ಹಿಡಿ ಚಿಂದಿಯ ಮೇಲೂ ಒಂದು ಅಯಸ್ಕಾಂತ ಆಡಿಸಿ. ಟೇಲರಿಂಗ್ ಚಿಂದಿಯಲ್ಲಿ ಗುಂಡುಪಿನ್ನು, ಮುರಿದ ಸೂಜಿ ಇದ್ದೇ ಇರುತ್ತವೆ. ಇನ್ನೊಂದು ಸಣ್ಣ ಮಾತು, ಕೇಳಿದಿರಿ ಅಂತಲ್ಲ: ಗೇಣಿಗಿಂತ ದೊಡ್ಡ ತುಂಡು ಉಳಿದರೆ ಗಿರಾಕಿಗೆ ವಾಪಸ್ ಕೊಡುವುದು ಅಥವಾ ಕೇಳಿ ಇಟ್ಟುಕೊಳ್ಳುವುದು ನನ್ನ ರೂಢಿ. "ಬಾಯೋರು ಅರಿವಿ ಉಳಿಸ್ಕೋತಾರ" ಅನ್ನುವ ಮಾತು ಊರಲ್ಲಿ ಒಂದು ಸಲ ಹುಟ್ಟಿದರೆ ಸಾಯುವುದಿಲ್ಲ.

ಇನ್ನು ಹೊಲಿಯುವ ಕೆಲಸ. ಮಗಳ ಕೌದಿಗೆ ಐದೂವರೆ ಅಡಿ ಅಗಲ, ಏಳು ಅಡಿ ಉದ್ದ ಸಾಕು. ಐದೂವರೆ ಮೀಟರಿನ ಹಳೆಯ ಹತ್ತಿ ಸೀರೆ ಅಂದರೆ 18 ಅಡಿ. ಅದನ್ನು ಆರಾರು ಅಡಿಯ ಮೂರು ತುಂಡು ಮಾಡಿ. ಸೀರೆಯ ಅಗಲ ಮೂರೂ ಮುಕ್ಕಾಲು ಅಡಿ ಇರುತ್ತದೆ, ಅಂದರೆ ಎರಡು ತುಂಡು ಪಕ್ಕ ಪಕ್ಕ ಇಟ್ಟರೆ ಏಳೂವರೆ ಅಡಿ ಸಿಗುತ್ತದೆ. ಎರಡು ಸೀರೆಗೆ ಆರು ತುಂಡು, ಮೂರು ಪದರ. ಮೇಲೆ ಚಿಂದಿ ಸೇರಿ ನಾಲ್ಕು. ಇದಕ್ಕಿಂತ ಹೆಚ್ಚು ಪದರ ಹಾಕಿದರೆ ಸೂಜಿ ಇಳಿಯುವುದಿಲ್ಲ, ಬೆರಳು ಬಾತುಕೊಳ್ಳುತ್ತದೆ.

ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲ ಇದ್ದರೆ ನಿಮಗೆ ಅಳತೆ ಪಟ್ಟಿಯೇ ಬೇಡ. ಕಲ್ಲಿನ ಸಂದು ನೇರ ಗೆರೆ. ಪದರಗಳ ಅಂಚನ್ನು ಅದಕ್ಕೆ ಹೊಂದಿಸಿ ಹಾಸಿ, ಸುಕ್ಕು ತೆಗೆದು, ಗೇಣಿಗೊಂದರಂತೆ ಉದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿಸಿ. ಈ ಕೆಲಸ ಬೇಜಾರಿನದು, ಎಲ್ಲರೂ ಹಾರಿಸುತ್ತಾರೆ. ಹಾರಿಸಿದವರ ಕೌದಿಯಲ್ಲೇ ಕೆಳಗಿನ ಪದರ ಮಡಿಕೆ ಬೀಳುವುದು.

ಚಿಂದಿಯನ್ನು ಒಂದು ಮೂಲೆಯಿಂದ ಶುರು ಮಾಡಿ. ಮೊದಲ ತುಂಡು ಇಟ್ಟು, ಎರಡನೆಯದನ್ನು ಅದರ ಮೇಲೆ ಅರ್ಧ ಇಂಚು ಹತ್ತಿಸಿ. ಮೇಲೆ ಬರುವ ಅಂಚನ್ನಷ್ಟೇ ಒಳಗೆ ಮಡಿಸಿದರೆ ಸಾಕು, ಕೆಳಗಿನದು ಮುಚ್ಚಿಹೋಗುತ್ತದೆ. ಅಂಚಿಗುಂಟ ಹೊಲಿಯುತ್ತಾ ಕೌದಿಯ ಸುತ್ತ ಬಂದು, ಮತ್ತೆ ಒಳಸುತ್ತು, ಮತ್ತೆ ಒಳಸುತ್ತು, ಹೀಗೆ ನಡುವಿಗೆ ಬನ್ನಿ. ಕ್ವಿಲ್ಟ್ ಪುಸ್ತಕಗಳು ನಡುವಿನಿಂದ ಹೊರಗೆ ಹೊಲಿಯಿರಿ ಅನ್ನುತ್ತವೆ, ಬಟ್ಟೆ ನಡುವೆ ಉಬ್ಬಬಾರದು ಅಂತ. ಅವರ ಮೇಲ್ಹಾಳೆ ಮೊದಲೇ ಜೋಡಿಸಿ ಆಗಿರುತ್ತದೆ, ಅದಕ್ಕೆ ಆ ನಿಯಮ. ನಾವು ತುಂಡನ್ನು ಇಡುತ್ತಾ ಇಡುತ್ತಾ ಹೊಲಿಯುತ್ತೇವೆ. ಉಬ್ಬು ಬಂದರೆ ಮುಂದಿನ ತುಂಡನ್ನು ಸ್ವಲ್ಪ ಜಾಸ್ತಿ ಹತ್ತಿಸಿದರೆ ಆಯಿತು.

ಯಾವ ತುಂಡಿನ ಪಕ್ಕ ಯಾವುದು ಅಂತ ಮೊದಲೇ ಚಿತ್ರ ಬರೆದುಕೊಳ್ಳಬೇಡಿ. ದೊಡ್ಡ ತುಂಡು ಮೊದಲು, ಚೂರುಪಾರು ಸಂದಿಗೆ. ಎರಡು ಮೂರು ಸುತ್ತು ಇಟ್ಟ ಮೇಲೆ ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆದು ನೋಡಿ. ಬಣ್ಣ ಹೋದಾಗ ತಿಳಿ, ಕಡು ಎರಡೇ ಕಾಣುತ್ತದೆ. ಒಂದೇ ಕಡೆ ಕಡು ಗುಡ್ಡೆ ಬಿದ್ದಿದ್ದರೆ ಅಲ್ಲೊಂದು ತಿಳಿ ತುಂಡು ಬೇಕು ಅಂತ ಅರ್ಥ. ಕಣ್ಣು ಪಳಗುವ ತನಕ ಇದೊಂದು ಆಸರೆ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಅಂತ ಒಂದು ಊರಿದೆ. ಅಲ್ಲಿಯ ಕಪ್ಪು ಹೆಣ್ಣುಮಕ್ಕಳು ಹೊಲದ ಕೆಲಸದ ಹಳೆಯ ಬಟ್ಟೆಯಿಂದ ಹೀಗೆಯೇ ಅಂದಾಜಿನ ಮೇಲೆ ಕ್ವಿಲ್ಟ್ ಹೊಲಿಯುತ್ತಿದ್ದರು. 2002ರಲ್ಲಿ ಅವುಗಳ ದೊಡ್ಡ ಪ್ರದರ್ಶನ ಹ್ಯೂಸ್ಟನ್‌ನ ಕಲಾ ಸಂಗ್ರಹಾಲಯದಲ್ಲಿ ಆಯಿತು, 2006ರಲ್ಲಿ ಅಂಚೆಚೀಟಿಯೂ ಬಂತು. ಅವರ ಒಂದು ವಿನ್ಯಾಸದಲ್ಲಿ ಚೌಕದೊಳಗೆ ಚೌಕ, ಅದರೊಳಗೆ ಚೌಕ. ಅದರ ಚಿತ್ರ ನೋಡಿದಾಗ ನನಗೆ ನಮ್ಮ ಕೌದಿಯ ಸುತ್ತುಗಳೇ ಕಂಡವು. ಅಷ್ಟು ದೂರ ಯಾಕೆ, ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಿ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂ ಇಡುತ್ತಾರೆ, ಅದಿಲ್ಲದಿದ್ದರೆ ಕೌದಿ ಬತ್ತಲೆ ಅಂತಾರೆ.

ದಾರ ಹತ್ತಿಯದೇ ಇರಲಿ, ಎರಡೆಳೆ. ಗಟ್ಟಿ ನೈಲಾನ್ ದಾರ ಹಾಕಿದರೆ ಹಳೆಯ ಸೀರೆಯನ್ನು ಅದೇ ಕೊಯ್ಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ಏನು ಮಾಡುತ್ತೀರಿ? ಸಾಲುಗಳ ನಡುವೆ ಒಂದು ಇಂಚು ಬಿಟ್ಟರೆ ಈ ಅಳತೆಗೆ 66 ಸಾಲು ಆಗುತ್ತದೆ, ಎರಡೆಳೆ ಲೆಕ್ಕದಲ್ಲಿ ಸುಮಾರು 300 ಮೀಟರ್ ದಾರ. ಅರ್ಧ ಇಂಚಿಗೆ ಹೊಲಿದರೆ ದುಪ್ಪಟ್ಟು ದಾರ, ದುಪ್ಪಟ್ಟು ದಿನ, ಆದರೆ ಗಟ್ಟಿ. ಒಂದು ಇಂಚಿಗಿಂತ ಅಗಲ ಬಿಡಬೇಡಿ, ಸಣ್ಣ ಚಿಂದಿ ಎದ್ದು ಬರುತ್ತದೆ.

ಎರಡು ತಿಂಗಳಲ್ಲಿ ಎರಡು ಕೌದಿ ಕೈಯಲ್ಲಿ ಆಗುತ್ತದಾ? ಮಧ್ಯಾಹ್ನ ಎರಡು ತಾಸು ಕೂತರೆ ದೊಡ್ಡದಕ್ಕೇ ಒಂದು ತಿಂಗಳ ಮೇಲೆ ಹಿಡಿಯುತ್ತದೆ. ಮದುವೆ ಸೀಜನ್‌ನಲ್ಲಿ ಬ್ಲೌಸ್ ಆರ್ಡರು ಬಿದ್ದರೆ ಆಗುವುದಿಲ್ಲ. ಮಷೀನ್‌ನಲ್ಲಿ ಹೊಲಿಯಬಹುದು, ನಾನೇನು ಬೇಡ ಅನ್ನುವುದಿಲ್ಲ. 16 ಅಥವಾ 18ನೇ ನಂಬರಿನ ಸೂಜಿ ಹಾಕಿ, ಹೊಲಿಗೆ ಉದ್ದ ಮಾಡಿ, ಪಾದದ ಒತ್ತಡ ಸಡಿಲಿಸಿ. ಕಷ್ಟ ಏನೆಂದರೆ ಮಷೀನ್ ಕೆಳಗಿನ ಪದರವನ್ನು ಎಳೆದುಕೊಳ್ಳುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ. ಪ್ರತಿ ಸಾಲನ್ನೂ ಒಂದೇ ದಿಕ್ಕಿಗೆ ಓಡಿಸಿದರೆ ಕೌದಿ ಓರೆಯಾಗುತ್ತದೆ, ಒಂದು ಸಾಲು ಹೋಗಿ ಒಂದು ಸಾಲು ಬನ್ನಿ. ಮಷೀನ್ ಹೊಲಿಗೆಯ ಕೌದಿ ಬಿರುಸು, ಕೈ ಹೊಲಿಗೆಯ ಮೆತ್ತನೆ ಬರುವುದಿಲ್ಲ. ಮೂರನೇ ದಾರಿ, ಚಿಂದಿ ಆರಿಸಿ ಒಗೆದು ಕೊಟ್ಟು, ಊರಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳಿಂದ ಹೊಲಿಸುವುದು. ದಯವಿಟ್ಟು ಚೌಕಾಸಿ ಮಾಡಬೇಡಿ. ಬ್ಲೌಸಿನ ಕೂಲಿಗೆ ಗಿರಾಕಿ ಚೌಕಾಸಿ ಮಾಡಿದಾಗ ನಿಮಗೆ ಹೇಗಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ನನ್ನ ಸಲಹೆ ಕೇಳಿದರೆ, ದೊಡ್ಡದನ್ನು ಹೊಲಿಸಿ, ಕೂಸಿನದನ್ನು ನೀವೇ ಕೈಯಲ್ಲಿ ಹೊಲಿಯಿರಿ.

ಕೂಸಿನ ಕೌದಿ ಮೂರಡಿ ಚೌಕ ಸಾಕು. ಹಳೆಯ ಧೋತರದ ಎರಡು ಪದರ, ಮೇಲೆ ಬರೀ ಒಗೆದ ಹತ್ತಿ ತುಂಡು. ಜರಿ ಚುಚ್ಚುತ್ತದೆ, ಬೇಡ. ನಮ್ಮ ತಾಂಡಾಗಳ ಲಂಬಾಣಿ ಕಸೂತಿಯ ಹಾಗೆ ಕನ್ನಡಿ, ಕವಡೆ ಹಾಕುವ ಆಸೆ ಇದ್ದರೆ ಅದನ್ನು ದೊಡ್ಡ ಕೌದಿಗೆ ಇಟ್ಟುಕೊಳ್ಳಿ. ಸಡಿಲ ಗುಂಡಿ, ಕನ್ನಡಿ ಕೂಸಿನ ಬಾಯಿಗೆ ಹೋಗುತ್ತದೆ. ದಾರದ ಗಂಟು ಪದರದ ಒಳಗೆ ಬರುವಂತೆ ಎಳೆದುಬಿಡಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ವರ್ಷ ತುಂಬುವ ತನಕ ಮಲಗಿದ ಕೂಸಿಗೆ ಕೌದಿ ಹೊದಿಸಿ ಬಿಡಬೇಡಿ. ಮುಖದ ಮೇಲೆ ಬಂದರೆ ತೆಗೆಯುವ ಶಕ್ತಿ ಅದಕ್ಕಿರುವುದಿಲ್ಲ, ಉಸಿರು ಕಟ್ಟಬಹುದು. ಮಕ್ಕಳ ಡಾಕ್ಟರುಗಳೂ ಇದನ್ನೇ ಹೇಳುತ್ತಾರೆ. ಎಚ್ಚರ ಇದ್ದಾಗ ನೆಲದ ಮೇಲೆ ಹಾಸಿ ಆಡಿಸಲು, ತೊಡೆಯ ಮೇಲೆ ಹಾಕಿಕೊಳ್ಳಲು ಅದು ಚೆನ್ನ. ಕಪ್ಪು ತುಂಡು ಹಾಕಬಾರದು ಅಂತ ಯಾರಾದರೂ ಅಂದರೆ ಅವರ ಮನಸ್ಸಿಗೆ ಬಿಡಿ, ಬಣ್ಣ ಬಿಡದಿದ್ದರೆ ಬಟ್ಟೆಗೆ ಅದರಿಂದ ತೊಂದರೆ ಇಲ್ಲ.

ಕೊನೆಗೆ ಆ ಸುರುಟಿದ ಕೌದಿ. ಎಸೆದಿಲ್ಲ ಅಂದುಕೊಳ್ಳುತ್ತೇನೆ. ಗುಲಾಬಿ ಕಲೆ ಒಣಗಿ, ಇಸ್ತ್ರಿಯೂ ಆಗಿದ್ದರೆ ಪೂರ್ತಿ ಹೋಗುವುದು ಕಷ್ಟ. ಬ್ಲೀಚಿಂಗ್ ಪುಡಿ ಹಾಕಬೇಡಿ, ಉಳಿದ ಬಣ್ಣವೂ ಹೋಗಿ ಬಟ್ಟೆ ಸಾಯುತ್ತದೆ. ಬಿಸಿನೀರು, ಸೋಪಿನಪುಡಿಯಲ್ಲಿ ರಾತ್ರಿಯಿಡೀ ನೆನೆಸಿ ಜಾಲಿಸಿ, ನೀರು ತಿಳಿಯಾಗುವ ತನಕ ಹೀಗೇ ಮಾಡಿ. ಆಮೇಲೆ ಹೊಲಿಗೆಗುಂಟ ಕತ್ತರಿಸಿ ತುಂಡು ತುಂಡು ಮಾಡಿ. ಅದರಲ್ಲಿರುವ ಹತ್ತಿಯೆಲ್ಲ ಈಗ ಕುಗ್ಗಿ, ಬಣ್ಣ ಬಿಟ್ಟು, ಮೆತ್ತಗಾಗಿದೆ. ನಿಮ್ಮ ಮೂರು ಚೀಲದಲ್ಲಿ ಹೊಲಿಯಲು ಈಗಲೇ ತಯಾರಿರುವುದು ಅದೊಂದೇ. ಹೊಸ ಕೌದಿಯ ಮೊದಲ ಮೂಲೆಗೆ ಆ ಗುಲಾಬಿ ತುಂಡನ್ನೇ ಇಡಿ.